ಸಾಲ ವಸೂಲಿಯವರು ಬಾಗಿಲಿಗೆ ಬಂದಾಗ

ಒಲೆಯ ಮೇಲೆ ಒಗ್ಗರಣೆ ಇನ್ನೂ ಚಟಗುಟ್ಟುತ್ತಿರುತ್ತದೆ. ಮಕ್ಕಳು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಿರುತ್ತಾರೆ. ಅಷ್ಟರಲ್ಲಿ ಮನೆ ಮುಂದೆ ಬೈಕು ನಿಂತ ಸದ್ದು. "ಏನಮ್ಮಾ, ಯಜಮಾನ್ರು ಒಳಗೇ ಇದಾರಲ್ಲ? ಕಂತು ಕಟ್ಟದೆ ಬಚ್ಚಿಟ್ಕೊಂಡ್ರೆ ಬಿಡ್ತೀವಾ?" ಎಂಬ ಕೂಗು. ಎದುರು ಮನೆಯ ಕಿಟಕಿ ಮೆಲ್ಲಗೆ ತೆರೆಯುತ್ತದೆ. ಆಗ ಮನೆಯಾಕೆಗೆ ಆಗುವ ಸಂಕಟ ಸಾಲದ ಮೊತ್ತಕ್ಕಿಂತ ದೊಡ್ಡದು.

ಅಂಗಡಿಯಲ್ಲಿ ನಷ್ಟ, ಆಸ್ಪತ್ರೆ ಖರ್ಚು, ಮಗಳ ಮದುವೆ ಎಂದು ಸಾಲ ಬೆಳೆಯಲು ನೂರು ದಾರಿ. ತೆಗೆದುಕೊಂಡ ಸಾಲವನ್ನು ತೀರಿಸಬೇಕಾದ್ದು ನ್ಯಾಯವೇ. ಆದರೆ ತೀರಿಸಲಾಗದವರ ಮಾನ ಕಳೆಯುವ ಹಕ್ಕು ಯಾರಿಗೂ ಇಲ್ಲ. ಸೋದರಿಯರೇ, ಇದು ಬರೀ ಸಮಾಧಾನದ ಮಾತಲ್ಲ, ಕಾನೂನಿನ ಮಾತು.

ಮೊದಲು ಕಿರುಕುಳ ನಿಲ್ಲಲಿ

ಮೈಕ್ರೋ ಫೈನಾನ್ಸ್ ಸಾಲಗಳಿಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ಅದರ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬಯ್ಯುವುದು, ಬೆದರಿಸುವುದು, ನೆಂಟರಿಷ್ಟರನ್ನು ಪೀಡಿಸುವುದು, ಬಾಕಿದಾರರ ಹೆಸರನ್ನು ಊರಿಗೆಲ್ಲ ಸಾರುವುದು ಯಾವುದೂ ಸಲ್ಲದು. ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತು ಮಾಡಿಕೊಳ್ಳಬೇಕು. ಅಲ್ಲಿಗೆ ನೀವು ಎರಡು ಸಲ ಸಾಲಾಗಿ ತಪ್ಪಿಸಿದರೆ ಮಾತ್ರ ಅವರು ಮನೆಗೆ ಬರಬಹುದು.

ಇದಲ್ಲದೆ, ಬಲವಂತದ ವಸೂಲಿಯನ್ನು ತಡೆಯಲೆಂದೇ ಕರ್ನಾಟಕದಲ್ಲಿ 2025ರಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ಕಾಯಿದೆ ಬಂದಿದೆ. ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೂರು ಕೊಟ್ಟವರನ್ನು ಪೊಲೀಸರು ಹಾಗೇ ವಾಪಸು ಕಳಿಸುವಂತಿಲ್ಲ. ಬಂದವರ ಹೆಸರು, ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಹಾಲಿನ ಲೆಕ್ಕ ಬರೆದ ಹಾಗೆ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ದೂರು ಕೊಡುವಾಗ ಅದೇ ನಿಮ್ಮ ಬಲ.

'ಪಾಪರ್' ಅಂದರೆ ಏನು?

ಕಿರುಕುಳ ನಿಂತರೂ ಸಾಲ ಹಾಗೇ ಉಳಿಯುತ್ತದಲ್ಲ! ಇರುವುದನ್ನೆಲ್ಲ ಮಾರಿದರೂ ತೀರದಷ್ಟು ಸಾಲವಿದ್ದರೆ ಏನು ಮಾಡಬೇಕು? "ಪಾಪರ್ ಆದ" ಎಂದು ಊರವರು ಹಗುರವಾಗಿ ಆಡುವ ಮಾತಿನ ಹಿಂದೆ ಒಂದು ಕಾನೂನಿದೆ. ಅದು 1920ರ ಪ್ರಾಂತೀಯ ದಿವಾಳಿ ಕಾಯಿದೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದಿತಾದರೂ ನಮ್ಮಂಥ ಸಾಮಾನ್ಯರ ಸಾಲಕ್ಕೆ ಸಂಬಂಧಿಸಿದ ಅದರ ಭಾಗ ಜಾರಿಗೆ ಬಂದಿಲ್ಲ. ಹಾಗಾಗಿ ಈಗಲೂ ಹಳೆಯ ಕಾಯಿದೆಯೇ ಆಸರೆ.

500 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲವಿದ್ದು ತೀರಿಸುವ ಶಕ್ತಿ ಇಲ್ಲದವರು ಈ ಕಾಯಿದೆಯಡಿ ಕೋರ್ಟಿಗೆ ಅರ್ಜಿ ಹಾಕಬಹುದು. ಯಾರ್‍ಯಾರಿಗೆ ಎಷ್ಟು ಕೊಡಬೇಕು, ತಮ್ಮ ಹತ್ತಿರ ಏನೇನಿದೆ ಎಂದು ಮುಚ್ಚುಮರೆಯಿಲ್ಲದೆ ಬರೆಯಬೇಕು. ಕೋರ್ಟು ಸಾಲ ಕೊಟ್ಟವರನ್ನೂ ಕರೆಸಿ ವಿಚಾರಿಸುತ್ತದೆ. ದಿವಾಳಿ ಎಂದು ಆದೇಶವಾದ ಮೇಲೆ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗಿ, ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ. ಆಮೇಲೆ ಕೋರ್ಟಿನ ಅಪ್ಪಣೆಯಿಲ್ಲದೆ ಆ ಸಾಲಗಳಿಗಾಗಿ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಬೇಕೆಂದೂ ಕೇಳಿಕೊಳ್ಳಬಹುದು. ನಡತೆ ಪ್ರಾಮಾಣಿಕವಾಗಿದ್ದರೆ ಮುಂದೆ ಕೋರ್ಟು ಋಣಮುಕ್ತಿಯನ್ನೂ ಕೊಡಬಹುದು.

"ಹಾಗಾದ್ರೆ ಪಾತ್ರೆ ಪಡಗ, ತಾಳಿ ಎಲ್ಲಾ ಹೋಗುತ್ತಾ?" ಎಂದು ಗಾಬರಿಯಾಗಬೇಡಿ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬಿನವರ ಸಲಕರಣೆ, ಇವು ಜಪ್ತಿಗೆ ಒಳಪಡುವುದಿಲ್ಲ. ಇದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಅದೇ ಸಂಹಿತೆಯ 56ನೇ ಕಲಮಿನಂತೆ, ಹಣದ ಡಿಕ್ರಿಗಾಗಿ ಯಾವ ಹೆಂಗಸನ್ನೂ ಸಿವಿಲ್ ಜೈಲಿಗೆ ಕಳಿಸುವಂತಿಲ್ಲ. ಗಂಡಸರ ವಿಷಯದಲ್ಲೂ, ದುರುದ್ದೇಶವಿಲ್ಲದೆ ಬರೀ ಬಡತನದಿಂದ ಕಟ್ಟಲಾರದವರನ್ನು ಜೈಲಿಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1980ರಲ್ಲಿ ತೀರ್ಪು ಕೊಟ್ಟಿತು.

ಇದು ಮಂತ್ರದಂಡವಲ್ಲ

ಅರ್ಜಿ ಹಾಕಿದ ಮಾತ್ರಕ್ಕೆ ಎಲ್ಲವೂ ಅಂದೇ ನಿಲ್ಲುವುದಿಲ್ಲ, ಆದೇಶವಾಗಲು ಕಾಲ ಹಿಡಿಯುತ್ತದೆ. ಅಡವಿಟ್ಟ ಮನೆ ಅಥವಾ ಚಿನ್ನದ ಮೇಲೆ ಸಾಲ ಕೊಟ್ಟವರ ಹಕ್ಕು ಹೋಗುವುದಿಲ್ಲ. ಸಹಿ ಹಾಕಿ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಆ ಕ್ರಿಮಿನಲ್ ಮೊಕದ್ದಮೆಯೇ ಬೇರೆ. ಅರ್ಜಿಗೆ ಮುಂಚೆ ಆತುರಾತುರವಾಗಿ ಮನೆಯನ್ನು ಹೆಂಡತಿಯ ಹೆಸರಿಗೆ ಬರೆದರೂ ಪ್ರಯೋಜನವಿಲ್ಲ. ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಮಾಡಿದ ಅಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸಾಲಗಾರ ಋಣಮುಕ್ತನಾದರೂ ಜಾಮೀನು ಹಾಕಿದವರು ಮುಕ್ತರಾಗುವುದಿಲ್ಲ. ಗುಂಪಿನ ಸಾಲದಲ್ಲಿ ನಿಮ್ಮ ಪರವಾಗಿ ಸಹಿ ಹಾಕಿದ ಪಕ್ಕದ ಮನೆಯಾಕೆಯ ಬಾಗಿಲಿಗೆ ಅದೇ ಬೈಕು ಹೋಗಿ ನಿಲ್ಲಬಹುದು. ಅರ್ಜಿ ಹಾಕುವ ಮುನ್ನ ಅವರಿಗೆ ವಿಷಯ ತಿಳಿಸಿ. ಅದೇ ರೀತಿ, ನಿಮ್ಮ ಸಹಿ ಇಲ್ಲದ ಗಂಡನ ಸಾಲಕ್ಕೆ ನಿಮ್ಮ ಸ್ತ್ರೀಧನ ಹೊಣೆಯಲ್ಲ. "ಬರೀ ಸಾಕ್ಷಿಗೆ ಒಂದು ಸಹಿ ಹಾಕಮ್ಮಾ" ಎಂದರೆ, ಓದಿಸಿ ಕೇಳದೆ ಪೆನ್ನು ಹಿಡಿಯಬೇಡಿ.

ಯಾರನ್ನು ಕೇಳಬೇಕು?

"ವಕೀಲರಿಗೆ ಕೊಡೋಕೆ ದುಡ್ಡೆಲ್ಲಿ ತರೋದು?" ಎನ್ನುವಿರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಸಾಲದ ಕಾಗದ, ಕಂತಿನ ರಶೀದಿ, ನೀವು ಬರೆದಿಟ್ಟ ಆ ನೋಟ್ ಪುಸ್ತಕ ಜೊತೆಗಿರಲಿ. ದಿವಾಳಿ ಅರ್ಜಿ ಬೇಕೋ, ಕಂತಿನ ಅವಧಿ ಹೆಚ್ಚಿಸಿಕೊಂಡರೆ ಸಾಕೋ ಎಂದು ಅವರೊಡನೆ ಕೂತು ಯೋಚಿಸಿ. ಎಷ್ಟೋ ಸಾಲಗಳು ಲೋಕ ಅದಾಲತಿನಲ್ಲಿ ರಾಜಿಯಿಂದಲೇ ಮುಗಿಯುತ್ತವೆ.

ಇವೆಲ್ಲಕ್ಕೂ ಮೊದಲು, ಸಾಲದ ವಿಷಯವನ್ನು ಗಂಡ ಹೆಂಡತಿ ಒಬ್ಬರಿಂದೊಬ್ಬರು ಮುಚ್ಚಿಡಬಾರದು. ಇಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಬಾಕಿಯನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. ನಾಳೆ ಬೆಳಿಗ್ಗೆ ಬಾಗಿಲು ಬಡಿದ ಸದ್ದು ಕೇಳಿದರೂ, ತಲೆ ತಗ್ಗಿಸದೆ ಹೋಗಿ ಬಾಗಿಲು ತೆರೆಯುವ ಧೈರ್ಯ ಬರುತ್ತದೆ.