ಐವತ್ತರಲ್ಲಿ ಇಪ್ಪತ್ತರ ದಮ್ಮು!

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯ ಸ್ತಂಭಿಸಿ ತೀರಿಕೊಂಡರಲ್ಲ, ಅವತ್ತೇ ನಾನು ಬೆಳಗಿನ ಓಟ ಬಿಟ್ಟೆ. 46ರ ಗಟ್ಟಿಮುಟ್ಟಾದ ಅಪ್ಪೂನೇ ಹೋದ ಮೇಲೆ ಐವತ್ತು ದಾಟಿದ ನಮ್ಮ ಗತಿ ಏನು ಸ್ವಾಮಿ? ಕೂತೇ ಕಾಲ ಕಳೆದೆ. ಮೊನ್ನೆ ಮೆಟ್ಟಿಲು ಹತ್ತುವಾಗ ಏದುಸಿರು! ಡಾಕ್ಟರು ನಕ್ಕರು. "ಓಟಕ್ಕಿಂತ ನಿಮ್ಮ ಕುರ್ಚಿಗೆ ಹೆದರ್ಬೇಕು ಕಣ್ರೀ" ಅಂದು ಒಂದು ಕಥೆ ಹೇಳಿದರು.

1966, ಅಮೆರಿಕದ ಡಲ್ಲಾಸ್. ಇಪ್ಪತ್ತರ ಐವರು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಎದ್ದಾಗ ಅವರ ದಮ್ಮು, ಅಂದರೆ ದುಡಿಯುವಾಗ ದೇಹ ಬಳಸಬಲ್ಲ ಆಮ್ಲಜನಕ, ಕಾಲುಭಾಗಕ್ಕೂ ಹೆಚ್ಚು ಇಳಿದಿತ್ತು. 1996ರಲ್ಲಿ ಅದೇ ಐವರು ಮತ್ತೆ ಬಂದರು, ಬೊಜ್ಜು ಸಮೇತ! ಮೂವತ್ತು ವರ್ಷದ ಮುಪ್ಪು ಕಸಿದದ್ದು ಆ ಮೂರು ವಾರ ಕಸಿದದ್ದಕ್ಕಿಂತ ಕಮ್ಮಿ. ಆರು ತಿಂಗಳು ನಡೆದರು, ಓಡಿದರು, ಸೈಕಲ್ ತುಳಿದರು. ದಮ್ಮು ಇಪ್ಪತ್ತರ ಮಟ್ಟಕ್ಕೆ ವಾಪಸ್!

ಹೃದಯವೇನೂ ಯುವಕನಾಗಲಿಲ್ಲ. ವಯಸ್ಸಿನೊಂದಿಗೆ ಇಳಿದ ಗರಿಷ್ಠ ಬಡಿತ ಏರಲೇ ಇಲ್ಲ. ರಕ್ತದಿಂದ ಹೆಚ್ಚು ಆಮ್ಲಜನಕ ಹೀರೋದನ್ನ ಸ್ನಾಯುಗಳು ಕಲಿತವು, ಅಷ್ಟೆ. ಒಳಗೆ ರಕ್ತನಾಳ ಕಟ್ಟಿದ್ದರೆ ಗಟ್ಟಿ ಮೈಯೂ ಸುಳಿವು ಕೊಡದು. ಅದಕ್ಕೇ ಡಾಕ್ಟರು ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಷೂ ಕಟ್ಟಿಸಿದರು.

ನಿನ್ನೆ ಲಾಲ್‌ಬಾಗಿನಲ್ಲಿ ಅರ್ಧ ಸುತ್ತು ನಡೆದೆ. ಓಟ ಇನ್ನೂ ಬಾಕಿ.