ಹರಿದ ಬೆಲ್ಟನ್ನು ಬಿಸಾಡಬೇಡಿರಿ

ಹಿಂಗಾರಿ ಬಿತ್ತನೆಯ ಕಾಲದಲ್ಲಿ ಎರೆಭೂಮಿಯ ರೈತನಿಗೆ ಒಂದೊಂದು ದಿನವೂ ಅಮೂಲ್ಯವಾದುದು. ಚಿತ್ತಿ ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಕಡಲೆ ಬೀಜ ಮಣ್ಣು ಸೇರಬೇಕು. ಮೇಲಿನ ಹಸಿ ಆರಿಹೋದ ಮೇಲೆ ಬಿತ್ತಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ಇಂತಹ ವೇಳೆಯಲ್ಲಿ ಟ್ರ್ಯಾಕ್ಟರಿನ ಮುಂಭಾಗದ ಚಿಕ್ಕ ರಬ್ಬರ್ ಬೆಲ್ಟ್ ಹರಿದು ಕೂರಿಗೆ ಸಾಲಿನ ನಡುವೆ ನಿಂತರೆ, ಆಗುವ ಹಾನಿ ಬೆಲ್ಟಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಕೆಲವು ವರ್ಷಗಳ ಹಿಂದೆ ಪಟ್ಟದಕಲ್ಲಿನ ಹತ್ತಿರ ಹೊಳೆದಂಡೆಯ ರೈತರೊಬ್ಬರ ಟ್ರ್ಯಾಕ್ಟರ್ ಹೀಗೆಯೇ ನಿಂತಿತ್ತು. ಬಿತ್ತನೆ ನೋಡಲು ಹೋಗಿದ್ದ ನನ್ನನ್ನು ಕಂಡು ಅವರು ತಮ್ಮ ಗೋಳು ಹೇಳಿಕೊಂಡರು.

“ಸಾಹೇಬ್ರ, ಒಂದ ತಿಂಗಳದಾಗ ಇದು ಮೂರನೇ ಬೆಲ್ಟ್ ನೋಡ್ರಿ. ಚಾಲೂ ಮಾಡಿದ ಕೂಡಲೇ ಹಂದಿಮರಿ ಒದರಿದಂಗ ಒದರತೈತ್ರಿ, ಆಮ್ಯಾಲ ಹರೀತೈತ್ರಿ. ಈಗಿನ ಮಾಲ ಚಲೋ ಬರವಲ್ದು.”

“ಹಳೇ ಬೆಲ್ಟ್ ಎಲ್ಲಿ ಅದಾವ್ರಿ ಯಜಮಾನ್ರ?” ಎಂದೆ.

“ಅವನ್ನೇನ್ ಮಾಡ್ತೀರಿ? ಒಂದ್ ತಿಪ್ಪಿಗೆ ಹೋತ್ರಿ. ಇನ್ನೊಂದ್ರಾಗ ಆಡಿನ ದೊಡ್ಡಿ ಬಾಗಲಾ ಕಟ್ಟೇನ್ರಿ.”

ದೊಡ್ಡಿಯ ಬಾಗಿಲಿನಿಂದ ಆ ಬೆಲ್ಟನ್ನು ಬಿಚ್ಚಿಸಿ ನೋಡಿದೆವು. ಅದರ ಒಂದು ಮಗ್ಗುಲು ಸವೆದು ಒಳಗಿನ ನೂಲು ಹೊರಬಂದಿತ್ತು. ಇನ್ನೊಂದು ಮಗ್ಗುಲು ಹೊಸದರಂತೆಯೇ ಇತ್ತು. ತಪ್ಪು ಬೆಲ್ಟಿನದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನೊಗ ಓರೆಯಾದಾಗ ಎತ್ತಿನ ಹೆಗಲು ಒಂದೇ ಕಡೆ ಹುಣ್ಣಾಗುತ್ತದೆ. ಹುಣ್ಣಿಗೆ ಎಷ್ಟು ಮದ್ದು ಹಚ್ಚಿದರೂ ನೊಗ ನೆಟ್ಟಗಾಗುವ ತನಕ ಅದು ಮಾಯುವುದಿಲ್ಲ. ಬೆಲ್ಟಿನ ಸಂಗತಿಯೂ ಹಾಗೆಯೇ.

ಬೆಲ್ಟಿನ ಕೆಲಸ

ಬಹುತೇಕ ಟ್ರ್ಯಾಕ್ಟರುಗಳಲ್ಲಿ ಈ ಒಂದೇ ಬೆಲ್ಟ್ ಫ್ಯಾನು, ರೇಡಿಯೇಟರಿನ ನೀರು ತಿರುಗಿಸುವ ಪಂಪು ಹಾಗೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಈ ಮೂರನ್ನೂ ತಿರುಗಿಸುತ್ತದೆ. ಆಲ್ಟರ್ನೇಟರನ್ನು ನಮ್ಮ ಕಡೆ ಡೈನಮೊ ಎಂದೇ ಕರೆಯುವ ರೂಢಿಯಿದೆ. ಬೆಲ್ಟ್ ಹರಿದರೆ ಚಾರ್ಜಿನ ಕೆಂಪು ದೀಪ ಹತ್ತುತ್ತದೆ, ನೀರು ತಿರುಗುವುದು ನಿಲ್ಲುತ್ತದೆ, ಇಂಜಿನ್ ಕಾಯುತ್ತದೆ. “ಈ ಸಾಲು ಮುಗಿಸಿಬಿಡೋಣ” ಎಂದು ಮುಂದುವರಿದರೆ ಇಂಜಿನ್ನಿನ ಹೆಡ್ಡು ಸೊಟ್ಟಗಾಗಬಹುದು, ಸೀಳಲೂಬಹುದು. ಆದುದರಿಂದ ಕೆಂಪು ದೀಪ ಕಂಡ ಕೂಡಲೇ ಇಂಜಿನ್ ನಿಲ್ಲಿಸತಕ್ಕದ್ದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯಲೇಬಾರದು.

ಬೆಲ್ಟ್ ಹೊರುವ ಭಾರವೂ ಕಡಿಮೆಯದಲ್ಲ. 14 ವೋಲ್ಟಿನಲ್ಲಿ 35 ಆಂಪಿಯರ್ ಕೊಡುವ ಆಲ್ಟರ್ನೇಟರ್ 490 ವ್ಯಾಟ್ ವಿದ್ಯುತ್ ಉತ್ಪಾದಿಸುತ್ತದೆ. ಶಕ್ತಿಯಲ್ಲಿ ಸಾಕಷ್ಟು ಪಾಲು ಶಾಖವಾಗಿ ನಷ್ಟವಾಗುವುದರಿಂದ, ಪೂರ್ತಿ ಚಾರ್ಜ್ ಮಾಡುವಾಗ ಬೆಲ್ಟ್ ಒಂದು ಅಶ್ವಶಕ್ತಿಗೂ ಮೇಲ್ಪಟ್ಟು ಎಳೆಯಬೇಕಾಗುತ್ತದೆ. ಅದೂ ಅಂಗೈಯಗಲದ ಚಿಕ್ಕ ಪುಲ್ಲಿಯ ಮೇಲೆ.

ಹರಿದ ಬೆಲ್ಟ್ ಏನು ಹೇಳುತ್ತದೆ?

ಒಂದು ಮಗ್ಗುಲು ಮಾತ್ರ ಸವೆದಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ ಎಂದರ್ಥ.

ಎರಡೂ ಮಗ್ಗುಲು ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟ್ ಸಡಿಲಾಗಿ ಜಾರಿದೆ.

ಒಳಮೈಯಲ್ಲಿ ಅಡ್ಡಡ್ಡ ಬಿರುಕುಗಳಿದ್ದರೆ ಶಾಖದಿಂದ ಅಥವಾ ವಯಸ್ಸಾಗಿ ರಬ್ಬರ್ ಗಡುಸಾಗಿದೆ.

ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆ ಅಥವಾ ಡೀಸೆಲ್ ಸೋರಿ ಬೆಲ್ಟಿಗೆ ತಗಲುತ್ತಿದೆ. ಮೊದಲು ಆ ಸೋರಿಕೆ ನಿಲ್ಲಿಸಬೇಕು.

ಹೊಸ ಬೆಲ್ಟ್ ಒಂದೇ ಜಾಗದಲ್ಲಿ ಪಟ್ಟನೆ ತುಂಡಾಗಿದ್ದರೆ, ಪುಲ್ಲಿಯೊಳಗೆ ಹರಳು ಸಿಕ್ಕಿರಬೇಕು; ಇಲ್ಲವೆ ಹಾಕುವಾಗ ಸ್ಕ್ರೂ ಡ್ರೈವರಿನಿಂದ ಮೀಟಿ ಒಳಗಿನ ನೂಲು ಕಡಿದಿರಬೇಕು.

ಪುಲ್ಲಿಯನ್ನೂ ನೋಡಿರಿ. ಈ ಬೆಲ್ಟ್ ತನ್ನ ಎರಡು ಮಗ್ಗುಲುಗಳಿಂದ ಪುಲ್ಲಿಯನ್ನು ಹಿಡಿದುಕೊಳ್ಳಬೇಕೇ ಹೊರತು ಕಾಲುವೆಯ ತಳದ ಮೇಲೆ ಕೂಡಬಾರದು. ಪುಲ್ಲಿಯ ತಳ ತಿಕ್ಕಿದಂತೆ ಹೊಳೆಯುತ್ತಿದ್ದರೆ ಬೆಲ್ಟ್ ಇಲ್ಲವೆ ಪುಲ್ಲಿ ಸವೆದು, ಬೆಲ್ಟ್ ತಳಕ್ಕೆ ಇಳಿದಿದೆ. ಸವೆದ ಪುಲ್ಲಿಗೆ ಹೊಸ ಬೆಲ್ಟ್ ಹಾಕಿ ಪ್ರಯೋಜನವಿಲ್ಲ.

ಕೂಗು ಬರುವುದು ಯಾವಾಗ?

ಚಾಲೂ ಮಾಡಿದೊಡನೆ ಕಿರುಚಿ ತುಸು ಹೊತ್ತಿಗೆ ಸುಮ್ಮನಾದರೆ, ಅಥವಾ ದೀಪ ಹಾಕಿದಾಗ ಕಿರುಚಿದರೆ, ಬೆಲ್ಟ್ ಸಡಿಲಾಗಿದೆ. ಇಲ್ಲವೆ ಬ್ಯಾಟರಿ ಕೆಟ್ಟು ವಿಪರೀತ ಚಾರ್ಜ್ ಎಳೆಯುತ್ತಿದೆ. ಸದಾಕಾಲ ಗರಗರ ಸದ್ದು ಬರುತ್ತಿದ್ದರೆ ಬೇರಿಂಗಿನ ಮೇಲೆ ಸಂಶಯಪಡಬೇಕು. ಇಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಆಲ್ಟರ್ನೇಟರ್ ಹಾಗೂ ನೀರಿನ ಪಂಪಿನ ಪುಲ್ಲಿಗಳನ್ನು ಕೈಯಿಂದ ತಿರುವಿ ನೋಡಿರಿ. ನುಣ್ಣಗೆ ತಿರುಗಬೇಕು. ಒಳಗೆ ಮರಳು ಇದ್ದಂತೆ ಒರಟಾದರೆ, ಅಥವಾ ಅತ್ತಿತ್ತ ಅಲುಗಿದರೆ ಬೇರಿಂಗ್ ಹೋಗಿದೆ. ಪಂಪಿನ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಪಂಪನ್ನು ದುರಸ್ತಿ ಮಾಡಿಸಬೇಕು.

ಮೇಲೆ ಹೇಳಿದ ರೈತರ ಆಲ್ಟರ್ನೇಟರ್ ಮೊದಲು ಕೆಟ್ಟದ್ದು ಹೀಗೆಯೇ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದುದನ್ನು ಓದುಗರು ಮರೆತಿರಲಾರರು. ಆಗ ಇವರ ಟ್ರ್ಯಾಕ್ಟರ್ ಎರಡು ದಿನ ನೀರಿನಲ್ಲಿ ನಿಂತಿತ್ತು. ಇಂಜಿನ್ನಿನ ಎಣ್ಣೆ ಬದಲಿಸಿದರು. ಬೇರಿಂಗಿನೊಳಗೆ ಹೊಕ್ಕ ರಾಡಿಯನ್ನು ಯಾರೂ ನೋಡಲಿಲ್ಲ. ಮುಂದೆ ಆಲ್ಟರ್ನೇಟರ್ ಕೂತುಹೋಯಿತು. ಅದರ ಜಾಗಕ್ಕೆ ಬೇರೆ ಗಾಡಿಯ ಹಳೆಯದೊಂದನ್ನು ತಂದು ಕೂಡಿಸಿದರು. ಬೆಲ್ಟುಗಳು ಹರಿಯತೊಡಗಿದ್ದು ಆಮೇಲೆಯೇ. ನೆರೆ ನೀರಿನಲ್ಲಿ ನಿಂತ ಯಂತ್ರವಿರುವ ರೈತರು ಈ ಮಾತನ್ನು ಗಮನಿಸಬೇಕು.

ದಾರದ ಪರೀಕ್ಷೆ

ಗವಂಡಿ ಗೋಡೆಗೆ ದಾರ ಹಿಡಿಯುವಂತೆ ಪುಲ್ಲಿಗಳಿಗೂ ದಾರ ಹಿಡಿದು ನೋಡಬಹುದು. ಇಂಜಿನ್ ನಿಲ್ಲಿಸಿ ಚಾವಿ ಕಿಸೆಯಲ್ಲಿಟ್ಟುಕೊಳ್ಳಿರಿ. ಕೆಳಗಿನ ದೊಡ್ಡ ಪುಲ್ಲಿಯ ಮುಖದ ಎರಡೂ ಅಂಚಿಗೆ ತಗಲುವಂತೆ ದಾರ ಹಿಡಿದು ಆಲ್ಟರ್ನೇಟರಿನ ಪುಲ್ಲಿಯವರೆಗೆ ಬಿಗಿಯಾಗಿ ಎಳೆಯಿರಿ. ಎರಡು ಪುಲ್ಲಿಗಳ ಅಂಚು ಒಂದೇ ದಪ್ಪವಾಗಿದ್ದರೆ ಅಲ್ಲಿಯೂ ಎರಡೂ ಅಂಚಿಗೆ ದಾರ ತಗಲಬೇಕು. ಅಂಚಿನ ದಪ್ಪ ಬೇರೆಯಾಗಿದ್ದರೆ ಕಾಲುವೆಯ ನಡುಮಧ್ಯ ಹಿಡಿದು ಲೆಕ್ಕ ಹಾಕಬೇಕು. ಒಂದು ಅಡಿ ಅಂತರಕ್ಕೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಆ ಟ್ರ್ಯಾಕ್ಟರಿನಲ್ಲಿ ಜೋಳದ ಕಾಳು ಹಿಡಿಯುವಷ್ಟು ಸಂದು ಇತ್ತು. ಆಲ್ಟರ್ನೇಟರ್ ಅಷ್ಟು ಹಿಂದೆ ಕೂತಿತ್ತು. ಹಿಡಿದು ಅಲುಗಿಸಿದರೆ ಬೋಲ್ಟಿನ ತೂತೂ ಸವೆದು ಅಗಲವಾಗಿದ್ದುದು ಕಂಡಿತು. ಫಿಟ್ಟರು ಬಂದು ತೂತಿಗೆ ಬುಶ್ ಹಾಕಿ, ಬೋಲ್ಟಿನ ಮುಂದಿದ್ದ ವಾಶರುಗಳನ್ನು ತೆಗೆದು ಹಿಂದಕ್ಕೆ ಹಾಕಿದ. ದಾರ ಎರಡೂ ಕಡೆ ತಗಲಿತು. ಅರ್ಧ ದಿನದ ಕೆಲಸ. ಆದರೆ ಅಷ್ಟರಲ್ಲಿ ಎರಡು ಎಕರೆಯ ಹಸಿ ಆರಿ, ಅಲ್ಲಿ ಬಿತ್ತಿದ ಕಡಲೆ ತೆಳುವಾಗಿಯೇ ಹುಟ್ಟಿತು.

ಹೊಸ ಬೆಲ್ಟ್ ಹಾಕುವ ಕ್ರಮ

ಹಳೆಯ ಬೆಲ್ಟಿನ ಬೆನ್ನ ಮೇಲಿನ ಅಂಕಿ ನೋಡಿ ಅದೇ ಅಳತೆಯದನ್ನು ತರಬೇಕು. ಹಳೆಯದು ಬೇರೆ ಅಳತೆಯದೆಂಬ ಸಂಶಯವಿದ್ದರೆ ಟ್ರ್ಯಾಕ್ಟರಿನ ಕೈಪಿಡಿ ನೋಡಿರಿ. ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ ಒಳಕ್ಕೆ ಸರಿಸಿದರೆ ಬೆಲ್ಟ್ ಕೈಯಿಂದಲೇ ಏರುತ್ತದೆ, ಮೀಟಿ ಏರಿಸಬಾರದು. ಬಳಿಕ ಬಿಗಿ ಮಾಡಿ, ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿರಿ. ಸಾಮಾನ್ಯವಾಗಿ ಅರ್ಧ ಅಂಗುಲದಷ್ಟು ತಗ್ಗಬೇಕು. ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಕೂಗು ನಿಲ್ಲಲೆಂದು ವಿಪರೀತ ಬಿಗಿದರೆ ಬೇರಿಂಗುಗಳು ಬೇಗ ಹಾಳಾಗುತ್ತವೆ. ಹೊಸ ಬೆಲ್ಟ್ ಸ್ವಲ್ಪ ಹಿಗ್ಗುವುದರಿಂದ ಅರ್ಧ ತಾಸು ಓಡಿಸಿ, ಇಂಜಿನ್ ನಿಲ್ಲಿಸಿ, ಮತ್ತೊಮ್ಮೆ ಬಿಗಿ ನೋಡಬೇಕು.

ಸದ್ದಡಗಿಸಲು ಕೆಲವರು ಬೆಲ್ಟಿಗೆ ಎಣ್ಣೆ, ಗ್ರೀಸು, ಸಾಬೂನು ಹಚ್ಚುವುದುಂಟು. ಇದು ತಪ್ಪು. ಎಣ್ಣೆ ತಗಲಿದ ರಬ್ಬರ್ ಉಬ್ಬಿ ಕೊಳೆಯುತ್ತದೆ. ತಿರುಗುವ ಫ್ಯಾನಿನ ಬಳಿ ಧೋತರದ ಚುಂಗು, ಹೆಗಲ ಮೇಲಿನ ಟವೆಲ್ಲು ಸುಳಿಯದಂತೆ ಎಚ್ಚರಿಕೆ ಇರಲಿ.

ಕಾರು, ಜೀಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಸ ಕಾರುಗಳಲ್ಲಿ ಉದ್ದುದ್ದ ಗೆರೆಗಳಿರುವ ಚಪ್ಪಟೆ ಬೆಲ್ಟ್ ಇರುತ್ತದೆ. ಅನೇಕ ಗಾಡಿಗಳಲ್ಲಿ ಅದನ್ನು ಸ್ಪ್ರಿಂಗಿನ ಪುಲ್ಲಿಯೊಂದು ತಾನೇ ಬಿಗಿ ಹಿಡಿಯುತ್ತದೆ. ಆ ಸ್ಪ್ರಿಂಗ್ ಸೋತರೂ, ಆ ಪುಲ್ಲಿಯ ಬೇರಿಂಗ್ ಕೆಟ್ಟರೂ ಬೆಲ್ಟ್ ಕಿರುಚುತ್ತದೆ, ಹರಿಯುತ್ತದೆ.

ಬಿತ್ತನೆಗೆ ಹದಿನೈದು ದಿನ ಮುಂಚೆ ಕೂರಿಗೆಯ ತಾಳು ನೋಡಿಕೊಳ್ಳುವಂತೆ ಬೆಲ್ಟನ್ನೂ ಒಮ್ಮೆ ತಿರುವಿ ನೋಡಿರಿ. ಪೆಟ್ಟಿಗೆಯಲ್ಲಿ ಒಂದು ಹೆಚ್ಚಿನ ಬೆಲ್ಟ್ ಇರಲಿ. ಹರಿದುದನ್ನು ಮಾತ್ರ ತಿಪ್ಪೆಗೆ ಎಸೆಯುವ ಮೊದಲು ಅದರ ಎರಡೂ ಮಗ್ಗುಲು ನೋಡಿರಿ. ಫಿಟ್ಟರನಿಗೂ ಅದನ್ನೇ ಮೊದಲು ತೋರಿಸಿರಿ.