ಆಮ್ಲೆಟ್ ಗಾಡಿಯಿಂದ ಹೊಂಗೆಮರದವರೆಗೆ

ಶ್ರೀರಂಗಪಟ್ಟಣದ ಕೋಟೆಗೋಡೆಯಲ್ಲಿ ಗಾರೆ ಕಿತ್ತ ಕಡೆ ಬೆರಳಿಟ್ಟರೆ ಬಿಳಿ ಪುಡಿ ಅಂಟುತ್ತದೆ. ಸುಣ್ಣ. ಅಲ್ಲಿಂದ ಕೂಗಳತೆಯಲ್ಲಿ ಆಮ್ಲೆಟ್ ಗಾಡಿ, ಅದರಡಿಯ ಬಕೆಟ್ ತುಂಬ ಮೊಟ್ಟೆಚಿಪ್ಪು. ಎರಡೂ ಒಂದೇ ವಂಶ. ಚಿಪ್ಪಿನಲ್ಲಿ ಶೇ 94ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್. ತೊಳೆದು, ಪುಡಿಮಾಡಿ, 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ ಉಳಿಯುವುದು ಸುಟ್ಟ ಸುಣ್ಣ. ಬಯೋಡೀಸೆಲ್‌ಗೆ ಇದು ವೇಗವರ್ಧಕ.

ಎಣ್ಣೆಗೆ ಮೆಥನಾಲ್ ಸೇರಿಸಿ 60 ಡಿಗ್ರಿಯಲ್ಲಿ ಎಷ್ಟು ಕಲಕಿದರೂ ಅವು ಸುಲಭಕ್ಕೆ ಕೂಡುವುದಿಲ್ಲ. ಸುಣ್ಣ ಬಿದ್ದ ಮೇಲೆ ಒಂದೆರಡು ಗಂಟೆಗಳಲ್ಲಿ ಮೇಲೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್. ರೂಢಿಯಲ್ಲಿರುವುದು ಕಾಸ್ಟಿಕ್ ಸೋಡಾ. ಅದು ಕರಗಿ ಬೆರೆತುಹೋಗುವುದರಿಂದ ಇಂಧನವನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಸುಣ್ಣವಾದರೆ ಬಹುಪಾಲು ತಳಕ್ಕಿಳಿಯುತ್ತದೆ. ಸೋಸಿ ಇನ್ನೊಮ್ಮೆ ಹಾಕಬಹುದು. ತೆರೆದಿಟ್ಟರೆ ಮಾತ್ರ ಗಾಳಿಯ ತೇವ ಕುಡಿದು ಅರಳಿ ಸತ್ವ ಕಳೆದುಕೊಳ್ಳುತ್ತದೆ. ಎಲೆಅಡಿಕೆ ಹಾಕುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಲೆಕ್ಕ ಹಾಕಿದೆ: ಲೀಟರ್ ಎಣ್ಣೆಗೆ ಹತ್ತು ಮೊಟ್ಟೆಯ ಚಿಪ್ಪು ಹೆಚ್ಚುಕಡಿಮೆ ಸಾಕು. ಗಾಡಿಯವನನ್ನು ಕೇಳಿದರೆ, ‘ಗುಲಾಬಿ ಬುಡಕ್ಕೆ ಒಯ್ತಾರೆ ಸಾರ್, ಮಿಕ್ಕಿದ್ದು ಕಸದ ಗಾಡಿಗೆ’ ಎಂದ.

ಪಾಂಡವಪುರದಲ್ಲಿ ಬೋಂಡಾ ಬಾಣಲೆಯ ಎಣ್ಣೆ ಕಪ್ಪಗಾಗಿತ್ತು. ಕರಿದು ಕರಿದು ಧ್ರುವೀಯ ಸಂಯುಕ್ತಗಳು ಶೇ 25 ದಾಟಿದ ಎಣ್ಣೆ ಅಡುಗೆಗೆ ಸಲ್ಲದು ಎಂಬ ನಿಯಮ 2018ರಿಂದ ಜಾರಿಯಲ್ಲಿದೆ. ಅಂಥದ್ದೇ ಬಯೋಡೀಸೆಲ್‌ಗೆ ಕಚ್ಚಾ ಸರಕು. ಆದರೆ ಎಣ್ಣೆ ಹುಳಿಯಾಗಿ ಆಮ್ಲ ಏರಿದ್ದರೆ ಸುಣ್ಣ ಅದನ್ನು ಸಾಬೂನು ಮಾಡಿ ಕೈತೊಳೆದುಕೊಳ್ಳುತ್ತದೆ.

ಕೆ.ಆರ್. ಪೇಟೆಯಲ್ಲಿ ಹಣ್ಣಿನಂಗಡಿಯ ಹಿಂದೆ ಬಾಳೆಗೊನೆಯ ದಿಂಡು ಕೊಳೆಯುತ್ತಿತ್ತು. ಅದರ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದೂ ವೇಗವರ್ಧಕವೇ.

ನಾಗಮಂಗಲದ ಕಡೆ ಬಂದರೆ ಬದುಗಳಲ್ಲಿ ಹೊಂಗೆ. ನೆರೆಯ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಶುರುಮಾಡಿದ ಜೈವಿಕ ಇಂಧನ ಉದ್ಯಾನ ಇಂಥ ಬದುವಿನ ಮರಗಳನ್ನೇ ನೆಚ್ಚಿಕೊಂಡದ್ದು. ಎಣ್ಣೆ ಇದೆ, ಚಿಪ್ಪು ಇದೆ, ಬೂದಿ ಇದೆ. 900 ಡಿಗ್ರಿ ಮಾತ್ರ ಸೌದೆ ಒಲೆಗೆ ನಿಲುಕದು, ಗೂಡು ಬೇಕು.

ಹೊಂಗೆಕಾಯಿ ಆಯುತ್ತಿದ್ದ ಅಜ್ಜಿಯನ್ನು ಮಾತಿಗೆಳೆದೆ. ‘ಸುಣ್ಣದ್ ಗೂಡಾ? ನಾನ್ ಮದ್ವೆಯಾಗಿ ಬಂದಾಗ ಕೆರೆ ಏರಿ ತಾವ ಇತ್ತು ಕಣಪ್ಪ.’